ಸಿಟ್ಟಿನ ಕರಾರು

"ಮಗ್ಗ ಬಂದ್ ಮಾಡಂದ್ರ ಮಾಡಬೇಕು! ಕಿವಿ ಕೇಳಸೂದಿಲ್ಲೇನ?"

ಹಾಗೆಂದು ಒದರಿದವನ ಹಣೆಗೆ ಮರುಕ್ಷಣವೇ ಲಾಳಿ ಬಂದು ಬಡಿಯಿತು.

ಎಸೆದವಳು ಶಿವಲಿಂಗವ್ವ. ಬೆಳಗಾವಿಯ ಶಹಾಪುರದ ನೇಕಾರ ದುಂಡಪ್ಪನ ಒಬ್ಬಳೇ ಮಗಳು, ಮನೆಯವರ ಬಾಯಲ್ಲಿ ಶಿವವ್ವ. ಹೊಡೆಸಿಕೊಂಡವನು ನಾಗಲಿಂಗ, ಖಾನಾಪುರದಿಂದ ಪವರ್‌ಲೂಮ್ ರಿಪೇರಿಗೆ ಬಂದ ಫಿಟ್ಟರ್. ೧೯೮೪ರ ಶ್ರಾವಣದ ಒಂದು ಮಧ್ಯಾಹ್ನ. ನಾಲ್ಕು ಮಗ್ಗಗಳ ಸದ್ದಿನಲ್ಲಿ ಅವನು ಮೂರು ಸಲ ಮೆತ್ತಗೆ ಹೇಳಿದ್ದು ಅವಳಿಗೆ ಕೇಳಿಸಿರಲಿಲ್ಲ. ನಾಲ್ಕನೆಯದು ಮಾತ್ರ ಕೇಳಿಸಿತು!

"ನನ್ನ ಮ್ಯಾಲೆ ಒದರಾಕ ನೀ ಯಾಂವ?"

ನಾಗಲಿಂಗ ಎಣ್ಣೆ ಹತ್ತಿದ ಅರಿವೆಯಿಂದ ಹುಬ್ಬಿನ ಮೇಲಿನ ರಕ್ತ ಒರೆಸಿಕೊಂಡ. ಕೆಳಗೆ ಬಿದ್ದ ಲಾಳಿಯನ್ನು ಎತ್ತಿ, ಅದರ ತುದಿಯನ್ನು ತಿರುಗಿಸಿ ನೋಡಿದ.

"ಮುರದಿಲ್ಲ, ಪುಣ್ಯಾ. ಈಗರೆ ಬಂದ್ ಮಾಡತೀರೇನ್ರಿ? ಪಟ್ಟಾ ಹರದಿದ್ರ ನಿಮ್ಮ ಕೈ ಹೋಗತಿತ್ತು. ಅದಕ್ಕ ಒದರಿದೆ."

ಶಿವವ್ವ ಮಗ್ಗ ತಿರುಗಿಸುವ ಪಟ್ಟಾ ನೋಡಿದಳು. ಅದು ಎರಡು ಎಳೆಯ ಮೇಲೆ ನಿಂತಿತ್ತು.

ಅಯ್ಯೋ... ನಾ ಏನ ಮಾಡಿಬಿಟ್ಟೆ!

ಅಡುಗೆಮನೆಗೆ ಓಡಿದಳು, ಅರಿಷಿಣ ತಂದಳು, ಅವನ ಹಣೆಗೆ ಒತ್ತಿ ಹಿಡಿದು ಗಳಗಳನೆ ಅತ್ತಳು. ಕೊನೆಗೆ ಅವನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

"ಹೊಡಸಕೊಂಡಾಂವ ನಾನು, ಅಳಾಕಿ ನೀವು. ಇದ ಯಾವೂರ ನ್ಯಾಯರೀ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಸಂಜೆಯ ಹೊತ್ತಿಗೆ ಅವಳು ತೀರ್ಮಾನಿಸಿಬಿಟ್ಟಿದ್ದಳು... ಇಂಥ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿಲ್ಲ! ಶಿವವ್ವನ ತಕ್ಕಡಿಯೇ ಅಂಥದ್ದು. ಅವಳ ಪಾಲಿಗೆ ಒಬ್ಬ ಮನುಷ್ಯ ದೇವರಾಗಿರಬೇಕು, ಇಲ್ಲವೇ ರಾಕ್ಷಸ. ಎರಡರ ನಡುವೆ ಯಾರಿಗೂ ಜಾಗವಿರಲಿಲ್ಲ.

ಮುಂದಿನ ವೈಶಾಖದಲ್ಲಿ ಮದುವೆಯಾಯಿತು. ಅವಳ ಸಿಟ್ಟು ಬಲ್ಲ ಓಣಿಯ ಹೆಂಗಸರು ಅಕ್ಕಿಕಾಳು ಹಾಕುತ್ತಲೇ ಪಿಸುಗುಟ್ಟಿದರು, "ಹುಚ್ಚು ಬಿಡದ ಮದುವಿ ಆಗೂದಿಲ್ಲ, ಮದುವಿ ಆಗದ ಹುಚ್ಚು ಬಿಡೂದಿಲ್ಲ." ಜನರ ನಾಲಿಗೆಗೆ ಎಲುಬಿಲ್ಲ ನೋಡಿ. ಅಕ್ಕಿಕಾಳಿನ ಜೊತೆ ಅದನ್ನೂ ಎಸೆದು ಊಟಕ್ಕೆ ಕುಳಿತರು.

ಖಾನಾಪುರದ ಮನೆಯಲ್ಲಿ ಅತ್ತೆ ಸಾತವ್ವ, ಗಂಡ, ತಾನು... ಮೂರೇ ಜನ. ನಾಗಲಿಂಗ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೋಗಿ ಸಂಜೆ ಆರೂವರೆಗೆ ಬರುತ್ತಿದ್ದ. ಆರು ತಿಂಗಳು ಅವನೇ ಅವಳ ದೇವರು.

ಒಂದು ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಯಿತು.

"ಯಾರ ಜೋಡಿ ಇದ್ದಿ? ಖರೇ ಹೇಳು! ನನ್ನ ಬಿಟ್ಟ ಹೋಗಾಕ ನಿಂತೀ ಹೌದಿಲ್ಲೋ?"

ಮಾತು ಮುಗಿಯುವಷ್ಟರಲ್ಲಿ ಊಟದ ತಾಟು ಗೋಡೆಗೆ ಹಾರಿತ್ತು. "ಹೋಗು! ನಿನ್ನ ಮಾರಿ ನೋಡೂದಿಲ್ಲ ನಾ!" ಎಂದು ಒದರಿದವಳು, ಅವನು ಹೊರಗೆ ಹೆಜ್ಜೆ ಇಡುತ್ತಲೇ ಓಡಿಬಂದು ಕಾಲು ಹಿಡಿದಳು. "ನನ್ನ ಬಿಟ್ಟ ಹೋಗಬ್ಯಾಡ..."

ಮರುದಿನ ಹೋಳಿಗೆ ಮಾಡಿ ಬಡಿಸಿದಳು. ವಾರ ಕಳೆಯುವಷ್ಟರಲ್ಲಿ ಮತ್ತೊಂದು ತಾಟು. ಜಗಳವಿಲ್ಲದ ದಿನಗಳಲ್ಲಿ ಒಳಗೆಲ್ಲ ಖಾಲಿ ಖಾಲಿ. ತಾನು ಯಾರು, ತನಗೆ ಏನು ಬೇಕು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಸಾತವ್ವ ತಾಯಿತ ಕಟ್ಟಿಸಿದಳು. ಬಾಜೂ ಮನೆಯ ಮರಾಠಿ ಮುದುಕಿ ಮೆಣಸಿನಕಾಯಿ ಇಳಿಸಿದಳು. ಒಬ್ಬರು ಗಾಳಿ ಎಂದರು, ಒಬ್ಬರು ಸೊಕ್ಕು ಎಂದರು. ಹೆಸರಿಡಲು ಊರವರಿಗೇನು ಖರ್ಚೇ?

ಎಂಬತ್ತಾರರ ಮಳೆಗಾಲದ ಆರಂಭದಲ್ಲಿ ಗಡಿ ಗಲಾಟೆ ಎದ್ದು ಒಂದು ಮಧ್ಯಾಹ್ನ ಬಸ್ಸುಗಳೆಲ್ಲ ನಿಂತವು. ನಾಗಲಿಂಗ ಬೆಳಗಾವಿಯಿಂದ ನಡೆದೇ ಹೊರಟ. ಅವನು ಮನೆ ಮುಟ್ಟುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿತ್ತು. ಅವನು ಇನ್ನು ಬರುವುದೇ ಇಲ್ಲವೆಂದು ನಂಬಿದ ಶಿವವ್ವ ತನ್ನ ಕೈಯನ್ನು ತಾನೇ ಗಾಯ ಮಾಡಿಕೊಂಡಿದ್ದಳು. ಸಾತವ್ವ ಓಣಿಯವರನ್ನು ಕೂಗಿ ಅವಳನ್ನು ದವಾಖಾನೆಗೆ ಒಯ್ದಿದ್ದಳು.

ಜೀವ ಉಳಿಯಿತು. ಆದರೆ ಆ ದಿನದಿಂದ ನಾಗಲಿಂಗ ನಗುವುದನ್ನೇ ಮರೆತ. ಅವಳನ್ನು ಪ್ರತಿ ಗುರುವಾರ ಬೆಳಗಾವಿಯ ಡಾಕ್ಟರ್ ನಜ್ಮುನ್ನಿಸಾ ಅವರ ಬಳಿಗೆ ಕರೆದುಕೊಂಡು ಹೋಗತೊಡಗಿದ. ಮನಸ್ಸಿನ ಡಾಕ್ಟರು, ಹೊರಗೆ ಓದಿ ತಮ್ಮ ಊರಿಗೇ ಮರಳಿದವರು. ಅವರು ಕೇಳುವುದು ಹೆಚ್ಚು, ಹೇಳುವುದು ಕಡಿಮೆ.

ಎಂಟನೆಯ ಗುರುವಾರ ಅವರು ಕನ್ನಡಕ ತೆಗೆದಿಟ್ಟರು.

"ಶಿವಲಿಂಗವ್ವಾ, ನಿನ್ನ ತ್ರಾಸಿಗೆ ಒಂದ ಹೆಸರ ಐತಿ. ಬಾರ್ಡರ್‌ಲೈನ್ ಪರ್ಸನ್ಯಾಲಿಟಿ ಡಿಸಾರ್ಡರ್ ಅಂತಾರ."

"ಬಾರ್ಡರ್ ಅಂದ್ರ ಗಡಿ ಅಲ್ಲೇನ್ರಿ? ಊರಾಗಿಂದು ಸಾಲಲಿಲ್ಲಂತ ನನ್ನ ತಲಿಯಾಗೂ ಒಂದು ಗಡಿ ಹಾಕತೀರೇನು?"

ಡಾಕ್ಟರ ತುಟಿಯಂಚಿನಲ್ಲಿ ನಗು ಸುಳಿಯಿತು. "ಹೆಸರ ಛಲೋ ಇಲ್ಲ, ಖರೇ. ನಾ ಇಟ್ಟಿದ್ದಲ್ಲವ್ವಾ."

"ಪರ್ಸನ್ಯಾಲಿಟಿ ಅಂದ್ರ ಏನು?"

"ಸ್ವಭಾವ ಅಂತ ತಿಳಕೊ."

ಶಿವವ್ವ ದಿಗ್ಗನೆ ಎದ್ದಳು.

"ಅಂದ್ರ ಕೈಗಲ್ಲ, ಕಾಲಿಗಲ್ಲ... ನನ್ನ ಸ್ವಭಾವಕ್ಕ ರೋಗ! ನಾನ ರೋಗ ಅಂದಂಗಾತು! ಗಾಳಿ ಅಂದಿದ್ರ ಬಿಡಸತಿದ್ರು. ಇದನ್ನ ಯಾರ ಬಿಡಸತಾರ? ನನ್ನ ನನ್ನಿಂದ ಹ್ಯಾಂಗ ಬಿಡಸತೀರಿ?"

"ಕುಂದರು. ನಿನ್ನ ಅವ್ವ ತೀರಿದಾಗ ನಿನಗೆಷ್ಟ ವಯಸ್ಸು?"

"ಏಳು. ಹೇಳೇನಲ್ಲಾ!"

"ಮನ್ಯಾಗ ಏನಂತ ಹೇಳಿದ್ರು?"

ಶಿವವ್ವ ಕುರ್ಚಿಯ ತುದಿಗೆ ಕುಳಿತಳು. ಊರಿಗೆ ಹೋಗ್ಯಾಳ, ಬರತಾಳ... ಅಷ್ಟೇ ಹೇಳಿದ್ದರು. ಮಗು ಅತ್ತೀತೆಂದು ದೊಡ್ಡವರು ಕೂಡಿ ಹೇಳಿದ ಒಂದು ಸಣ್ಣ ಸುಳ್ಳು.

"ಯಾರರೆ ತಡಾ ಮಾಡಿದ್ರ ನಿನ್ನ ಜೀವಕ್ಕ ಅದ ದಿನಾ ನೆನಪಾಗತೈತಿ," ಡಾಕ್ಟರು ಮೆಲ್ಲಗೆ ಹೇಳಿದರು. "ಬರೇ ಗುಳಿಗಿಯಿಂದ ಹೋಗೂದಲ್ಲ ಇದು. ಕಲಿಯೂದೈತಿ. ವರ್ಷಗಟ್ಲೆ ಹಿಡೀತೈತಿ, ಆದ್ರ ಕಡಿಮಿ ಆಗತೈತಿ."

"ನನಗೇನೂ ಆಗಿಲ್ಲ! ನೀವೂ ಅವರ ಕಡೇನ!"

ಬಾಗಿಲು ದಡಾರನೆ ಬಡಿದುಕೊಂಡಿತು. ಅವಳು ಮೆಟ್ಟಿಲಿಳಿದು ಹೋದ ಮೇಲೆ ಡಾಕ್ಟರು ನಾಗಲಿಂಗನಿಗೆ ಒಂದು ಮಾತು ಹೇಳಿದರು.

"ಸಿಟ್ಟ ಬಂದಾಗ ಯಾರ ಏನ ಮಾಡೂದು ಅಂತ ಇಬ್ಬರೂ ಕೂಡಿ ಬರದ ಇಟ್ಟಕೊಳ್ಳರಿ. ಕರಾರು ಇದ್ದಂಗ. ಸಿಟ್ಟಿನ್ಯಾಗ ಮಾತ ಮರತಹೋಗತಾವ, ಬರದಿದ್ದು ಉಳೀತೈತಿ."

ಇಲ್ಲಿಯೇ ನಮ್ಮ ನಾಗಲಿಂಗ ಎಡವಿದ! ಇಬ್ಬರೂ ಕೂಡಿ ಎಂಬ ಮಾತು ಅವನ ಕಿವಿಯಿಂದ ಜಾರಿಹೋಯಿತು. ಕರಾರು ಎಂಬುದು ಮಾತ್ರ ಉಳಿಯಿತು. ಅವನ ಕಡೆಯವರಿಗೆ ಕರಾರು ಎಂದರೆ ಬಾಂಡ್ ಪೇಪರು. ಹೊಲ ಲಾವಣಿಗೆ, ಅಂದರೆ ಗೇಣಿಗೆ ಹಾಕಲಿ, ಅಣ್ಣತಮ್ಮಂದಿರು ಬೇರೆಯಾಗಲಿ, ಸ್ಟ್ಯಾಂಪಿನ ಮೇಲೆ ಬರೆಯದ ಮಾತಿಗೆ ಅವರಲ್ಲಿ ತೂಕವಿಲ್ಲ. ಅವನು ನೆಟ್ಟಗೆ ಖಾನಾಪುರದ ಕಚೇರಿ ಮುಂದೆ ಕೂರುವ ಬಾಂಡ್ ರೈಟರ್ ತಮ್ಮಣ್ಣನ ಬಳಿ ಹೋದ.

ತಮ್ಮಣ್ಣ ಮೂವತ್ತು ವರ್ಷ ಆಸ್ತಿ ಪಾಲಿನ ವಾಟ್ನಿಪತ್ರ, ಸೋಡಚೀಟಿ ಬರೆದು ಪಳಗಿದ ಕೈ. ನಾಗಲಿಂಗ ಹೇಳಿದ್ದನ್ನೆಲ್ಲ ಬರೆದ. ಆದರೆ ಮೇಲಿನ ಸಾಲುಗಳನ್ನು ರೂಢಿಯಂತೆ ತನ್ನದೇ ಭಾಷೆಯಲ್ಲಿ ಜಡಿದ.

ಆ ಕಾಗದ ಶಿವವ್ವನ ಕೈಗೆ ಸಿಕ್ಕಿದ್ದು ಭಾನುವಾರ ಬೆಳಿಗ್ಗೆ. ನಾಗಲಿಂಗ ಪಾರಿಶ್ವಾಡಕ್ಕೆ ಹಿಟ್ಟಿನ ಗಿರಣಿ ರಿಪೇರಿಗೆ ಹೋಗಿದ್ದ. ಸಾತವ್ವ ಸಂತೆಗೆ ಹೋಗಿದ್ದಳು. ಒಗೆಯಲೆಂದು ಗಂಡನ ಅಂಗಿ ಕೊಡವಿದರೆ ಮಡಿಸಿದ ಬಾಂಡ್ ಪೇಪರು ಕೆಳಗೆ ಬಿತ್ತು. ಏಳನೇ ಇಯತ್ತೆ ಓದಿದವಳಿಗೆ ಅಕ್ಷರಗಳು ಸರಾಗ.

'ಲಿಖಿತಂ ನಾಗಲಿಂಗ, ಸಾಕಿನ ಖಾನಾಪುರ, ತನ್ನ ಪತ್ನಿ ಶಿವಲಿಂಗವ್ವ ಇವಳ ಸಂಬಂಧ ಬರೆಸಿದ ಪತ್ರ. ಸದರಿ ಪತ್ನಿಯು ಚಿತ್ತಸ್ವಾಸ್ಥ್ಯ ಇಲ್ಲದವಳಿರುವ ಕಾರಣ...'

ಮುಂದೆ ಓದಲಿಲ್ಲ. ಓದುವ ಅಗತ್ಯವಾದರೂ ಏನು? ಹೆಂಡತಿಯ ಸಂಬಂಧ ಗಂಡ ಸ್ಟ್ಯಾಂಪಿನ ಮೇಲೆ ಬರೆಸುವುದು ಒಂದೇ ಕಾಗದವನ್ನು. ಸೋಡಚೀಟಿ! ಹಿರಿಯರ ಮುಂದೆ ಸಹಿಹಾಕಿ ಹೆಂಡತಿಯನ್ನು ಬಿಟ್ಟುಬಿಡುವ ಚೀಟಿ!

ಗೊತ್ತಿತ್ತು... ನನಗ ಗೊತ್ತಿತ್ತು! ಎಲ್ಲಾರೂ ಹೋಗಾವರ!

ಕಾಗದವನ್ನು ಚಾಪೆಯ ಮೇಲೆ ಎಸೆದು, ಉಟ್ಟ ಸೀರೆಯಲ್ಲಿಯೇ ಬಸ್ ಸ್ಟ್ಯಾಂಡಿಗೆ ನಡೆದಳು. ಶಹಾಪುರದ ಮನೆಯ ಹೊಸ್ತಿಲು ದಾಟುತ್ತಲೇ ತಂದೆಗೆ ಹೇಳಿದಳು.

"ಹಿರೇರನ್ನ ಕರಸಪ್ಪಾ. ಅಂವ ಸೋಡಚೀಟಿ ಕೊಡೂಕಿಂತ ಮೊದಲ ನಾನ ಕೊಡತೀನಿ!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ದುಂಡಪ್ಪ ಮಗಳ ಮುಖ ನೋಡಲಾರದೆ ಮಗ್ಗದ ಕಡೆ ತಿರುಗಿದ. ದೊಡ್ಡಪ್ಪನ ಸ್ಥಾನದ ಹಿರಿಯ ಗುರುಪುತ್ರಪ್ಪ ಮಾತ್ರ ಆಗಲೇ ಮುಂದಿನದನ್ನು ಯೋಚಿಸಿದ್ದರು.

"ರೋಗದ ಮಾತ ಎತ್ತಬ್ಯಾಡ್ರಿ. ಹೊಂದಾಣಿಕಿ ಆಗಲಿಲ್ಲಂತ ಬರಸೂಣು. ಇಲ್ಲಾಂದ್ರ ನಾಳೆ ಹುಡುಗೀಗೆ ಉಡಿಕಿ ಮಾಡಾಕ ತೊಂದ್ರಿ ಆಗತೈತಿ."

ನೋಡಿ, ಹುಡುಗಿಯ ಎದೆ ಹೊತ್ತಿ ಉರಿಯುತ್ತಿದ್ದರೆ ಹಿರಿಯರು ಎರಡನೇ ಮದುವೆಯ ಚಿಂತೆಯಲ್ಲಿದ್ದರು!

ಮಂಗಳವಾರ ಬೆಳಿಗ್ಗೆ ಹಿರಿಯರು ಕೂಡಿದರು. ಸುದ್ದಿ ಮುಟ್ಟಿದ ನಾಗಲಿಂಗ ತಾಯಿಯೊಡನೆ ಬಂದ. ಎರಡು ದಿನದ ಗಡ್ಡ, ಕೆಂಪು ಕಣ್ಣು. ಯಾವತ್ತೂ ಮೆತ್ತಗೆ ಮಾತಾಡುವವನು ಜಗುಲಿ ಹತ್ತುತ್ತಲೇ ಒದರಿದ.

"ಒಂದ ಮಾತ ಕೇಳಬಾರದಿತ್ತೇನ? ಬಾಯಿ ಬಿಟ್ಟು ಒಂದ ಮಾತು!"

"ಕೇಳೂದೇನೈತಿ? ಸಾಕಾಗಿತ್ತು ನಿನಗ, ಬರಸಿದಿ! ಸಾಕಾಗೇತಿ ಅಂತ ಹೇಳು, ಎಲ್ಲಾರ ಮುಂದ ಹೇಳು!"

"ಹೌದು, ಸಾಕಾಗೇತಿ!"

ಶಿವವ್ವನ ಮುಖ ಬಿಳುಚಿಕೊಂಡಿತು.

"ಸಾಕಾಗೇತಿ ನನಗ! ಬಸ್ಸಿನ್ಯಾಗ ಕುಂತ್ರೂ ಜೀವಾ ಕೈಯಾಗಿರತೈತಿ, ಮನ್ಯಾಗ ಏನ ಆಗೇತೋ ಅಂತ. ತಾಟ ಎಸದ್ರ ನನಗೂ ಸಿಟ್ಟ ಬರತೈತಿ. ನಾ ದೇವರೇನಲ್ಲ ಶಿವವ್ವಾ, ಮನಷ್ಯಾ ಅದೀನಿ! ಆದ್ರ ಸಾಕಾಗೇತಿ ಅಂದ್ರ ಬಿಡತೀನಿ ಅಂತ ನಿನಗ ಯಾರ ಹೇಳಿದ್ರು? ಸಿಟ್ಟ ಬಂದಾವ್ರೆಲ್ಲಾ ಬಿಟ್ಟ ಹೋಗತಾರೇನು?"

ಅಂಥ ಮಾತನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಿಟ್ಟೂ ಬರಬಹುದು, ಹೋಗದೆಯೂ ಇರಬಹುದು... ಎರಡೂ ಕೂಡಿ ಒಬ್ಬನಲ್ಲೇ ಇರಲು ಸಾಧ್ಯವೇ?

ನಾಗಲಿಂಗ ಅಂಗಿಯ ಜೇಬಿನಿಂದ ಬಾಂಡ್ ಪೇಪರು ತೆಗೆದು ಅವಳ ಮುಂದೆ ಹಿಡಿದ. "ಓದು. ಈ ಸಲ ಪೂರ್ತಿ ಓದು."

ಅವಳು ಓದತೊಡಗಿದಳು.

"'ಕಲಮು ಒಂದು. ನಾನು ಬರುವುದು ತಡವಾಗುವಂತಿದ್ದರೆ, ಓಣಿಯ ಶಬ್ಬೀರನ ಕಿರಾಣಿ ಅಂಗಡಿಗೆ ಫೋನು ಮಾಡಿ ಮನೆಗೆ ತಿಳಿಸತಕ್ಕದ್ದು.

"'ಕಲಮು ಎರಡು. ಸದರಿ ಪತ್ನಿಯು ಸಿಟ್ಟಿನಲ್ಲಿ ಹೋಗು ಎಂದರೆ, ನಾನು ಮನೆಯ ಮುಂದಿನ ಕಟ್ಟೆಯ ಮೇಲೆ ಅರ್ಧ ತಾಸು ಕುಳಿತು ತಿರುಗಿ ಒಳಗೆ ಬರತಕ್ಕದ್ದು. ಅದಕ್ಕಿಂತ ದೂರ ಹೋಗತಕ್ಕದ್ದಲ್ಲ.

"'ಕಲಮು ಮೂರು. ಪ್ರತಿ ಗುರುವಾರ ಕೆಲಸ ಬಿಟ್ಟು ದವಾಖಾನೆಗೆ ಸಂಗಡ ಹೋಗತಕ್ಕದ್ದು.

"'ಕಲಮು ನಾಲ್ಕು. ಸದರಿ ಪತ್ನಿಯನ್ನು... ಜೀವ ಇರುವವರೆಗೆ... ಬಿಡತಕ್ಕದ್ದಲ್ಲ. ಇದಕ್ಕೆ ನನ್ನ ಯಾವ ತಕರಾರೂ ಇರುವುದಿಲ್ಲ.'"

ಕೆಳಗೆ ಅವನ ಸಹಿ. ಅದರ ಬಾಜೂ ಸಾಕ್ಷಿಗೆ ಸಾತವ್ವನ ಹೆಬ್ಬೆಟ್ಟು.

"ನಾ ಹೆಬ್ಬೆಟ್ಟ ಒತ್ತೂ ಮುಂದ ಅಂದಿದ್ದೆ," ಸಾತವ್ವ ಸೆರಗಿನಿಂದ ಕಣ್ಣೊರೆಸಿದಳು, "ಮೊದಲ ಆಕೀಗೆ ಓದಿ ಹೇಳೋ ಖೋಡಿ ಅಂತ."

ಶಿವವ್ವ ಕುಸಿದು ಕುಳಿತು ಅತ್ತಳು. ಎಲ್ಲರೂ ನಿಟ್ಟುಸಿರು ಬಿಟ್ಟರು. ಇನ್ನೇನು, ಕತೆ ಸುಖವಾಗಿ ಮುಗಿಯಿತು ಎಂದುಕೊಂಡರು.

ಎಲ್ಲಿ ಮುಗಿಯಬೇಕು! ಅವಳು ತಲೆ ಎತ್ತಿದಾಗ ಕಣ್ಣಲ್ಲಿ ಮತ್ತೆ ಬೆಂಕಿ ಇತ್ತು.

"ಇದನ್ನ ಬರಸೂವಾಗ ನನ್ನ ಕೇಳಿದೇನು?"

"ಅದು... ನಿನಗ ತೋರಸಬೇಕಂತ..."

"ಎಲ್ಲಾ ನೀನ ಮಾಡತೀ ಅಂತ ಬರದೈತಿ. ನಾ ಮಾಡೂದು ಎಲ್ಲೈತಿ? ಜ್ವಾಕಿ ಮಾಡಾಕ ನಾ ಏನ ಗಾಜಿನ ಗೊಂಬಿಯೇನು? ಪೆನ್ನ ಕೊಡು ಇಲ್ಲೆ!"

ಪೆನ್ನು ಕಸಿದುಕೊಂಡು ಚಿತ್ತಸ್ವಾಸ್ಥ್ಯ ಇಲ್ಲದವಳೆಂಬ ಸಾಲಿನ ಮೇಲೆ ಗೀಟು ಎಳೆದಳು.

"ಸ್ಟ್ಯಾಂಪಿನ ಮ್ಯಾಲೆ ಕಾಟ ಹಾಕಬಾರದವ್ವಾ!" ಗುರುಪುತ್ರಪ್ಪ ಕೈ ಅಡ್ಡ ಚಾಚಿದರು.

ಅವಳು ಕೇಳಲೇ ಇಲ್ಲ. ಗೀಟಿನ ಮೇಲೆ ದುಂಡಗೆ ಬರೆಯುತ್ತ ಗಟ್ಟಿಯಾಗಿ ಓದಿದಳು. "'ನನಗೆ ಬಾರ್ಡರ್‌ಲೈನ್ ಎಂಬ ರೋಗ ಇದೆ.'"

"ಹೆಸರ ಬರೀಬ್ಯಾಡ!" ಗುರುಪುತ್ರಪ್ಪ ಎದ್ದೇ ನಿಂತರು. "ಮನಿತನದ ಮರ್ಯಾದಿ ಏನಾತು? ಮುಚ್ಚಿಟ್ರ ಮುಗೀತೈತಿ..."

"ಮುಚ್ಚಿಟ್ಟಿದ್ದು ಸಾಕ್ರಿ!"

ಅವಳು ತಂದೆಯ ಕಡೆ ತಿರುಗಿದಳು.

"ಅವ್ವ ಸತ್ತಾಗ ಊರಿಗೆ ಹೋಗ್ಯಾಳ ಅಂದ್ರಿ. ಮೂರ ತಿಂಗಳ ಇದ ಕಟ್ಟಿ ಮ್ಯಾಲೆ ಕುಂತಿದ್ದೆನಪ್ಪಾ. ಹೋಗೂ ಬರೂ ಟಾಂಗಾ ನೋಡಕೋತ. ನಾ ಏನ ತಪ್ಪ ಮಾಡೇನಿ ಅಂತ ಅವ್ವ ಬರವಲ್ಲಳು ಅಂತ ಅಳತಿದ್ದೆ. ನಿಮಗ ಕಾಣಲಿಲ್ಲೇನು? ಒಬ್ಬರರೆ ಖರೇ ಹೇಳಬಾರದಿತ್ತೇನು?"

ಧೋತರದ ಚುಂಗಿನಲ್ಲಿ ಮುಖ ಮುಚ್ಚಿಕೊಂಡು ದುಂಡಪ್ಪನಂಥ ದೊಡ್ಡ ಮನುಷ್ಯ ಬಿಕ್ಕಿದ. ಮಗಳು ಈ ಸಲ ಸಮಾಧಾನ ಮಾಡಲು ಹೋಗಲಿಲ್ಲ. ಸಿಟ್ಟು ಇನ್ನೂ ಇತ್ತು, ಇರಲಿ ಎಂದು ಬಿಟ್ಟಳು. ಬಗ್ಗಿ ಮುಂದೆ ಬರೆದಳು.

"'ಕಲಮು ಐದು. ಏನನ್ನಾದರೂ ಎಸೆಯುವ ಮೊದಲು ಸಿಟ್ಟು ಬಂದಿದೆ ಎಂದು ಬಾಯಿಂದ ಹೇಳತಕ್ಕದ್ದು. ಕಲಮು ಆರು. ನನ್ನ ಮೈಗೆ ನಾನೇ ನೋವು ಮಾಡಿಕೊಳ್ಳಬೇಕೆನಿಸಿದರೆ ಅತ್ತೆಯನ್ನು ಕರೆಯತಕ್ಕದ್ದು.'"

"ಯಾವಾಗ ಬೇಕಾದ್ರೂ ಕರಿ," ಸಾತವ್ವ ಹೇಳಿದಳು. "ಸಂತ್ಯಾಗಿದ್ರೂ ಓಡಿ ಬರತೀನಿ."

ಶಿವವ್ವನ ಪೆನ್ನು ನಾಲ್ಕನೆಯ ಕಲಮಿಗೆ ಹಿಂದಿರುಗಿತು. ಅಲ್ಲಿಯೇ ನಿಂತಿತು.

"ಇದು ಬ್ಯಾಡ," ಎಂದಳು.

ನಾಗಲಿಂಗ ಕಾಗದದ ಮೇಲೆ ಬಗ್ಗಿದ. "ಯಾಕ?"

"ಜೀವಾ ಇರೂತನಕ ಅಂದ್ರ ನನಗ ನಂಬಿಕಿ ಬರೂದಿಲ್ಲ. ಏನ ಮಾಡ್ಲಿ, ಬರೂದಿಲ್ಲ! ಅಷ್ಟ ದೂರದ್ದು ನನಗ ಕಾಣಸೂದಿಲ್ಲ." ಅವಳ ದನಿ ಮೊದಲ ಬಾರಿಗೆ ತಗ್ಗಿತು. "ಬರೂ ಗುರುವಾರದತನಕ ಬಿಡೂದಿಲ್ಲ ಅಂತ ಬರೀರಿ. ಅಷ್ಟ ನಂಬತೀನಿ. ಗುರುವಾರ ಬಂದಿಂದ ಮತ್ತ ಸಹಿ ಮಾಡೂಣು."

"ಪ್ರತಿ ಗುರುವಾರ?"

"ಪ್ರತಿ ಗುರುವಾರ. ನೀವೂ, ನಾನೂ."

ನಾಗಲಿಂಗ ಪೆನ್ನು ತೆಗೆದುಕೊಂಡು ಅವಳು ಹೇಳಿದಂತೆಯೇ ತಿದ್ದಿದ. ಸಹಿ ಮಾಡಿದ. ಅದರ ಕೆಳಗೆ ಅವಳೂ ಪೂರ್ತಿ ಹೆಸರು ಬರೆದಳು. ಸಾಕ್ಷಿ ಯಾರು ಎಂದು ಯಾರೂ ಕೇಳುವ ಮೊದಲೇ ದುಂಡಪ್ಪ ಎದ್ದುಬಂದು ಕೈ ಒರೆಸಿಕೊಂಡು ಪೆನ್ನಿಗೆ ಕೈ ಚಾಚಿದ. ರೋಗದ ಹೆಸರು ಬರೆದಿದ್ದ ಸಾಲಿನ ಪಕ್ಕದಲ್ಲಿಯೇ ತನ್ನ ಹೆಸರು ಹಾಕಿದ.

ಮಧ್ಯಾಹ್ನದ ಬಸ್ಸಿಗೆ ಮೂವರೂ ಖಾನಾಪುರಕ್ಕೆ ಹೊರಟರು. ಸಾತವ್ವ ಮುಂದಿನ ಸೀಟಿನಲ್ಲಿ ಕುಳಿತು ಬಸ್ಸು ಊರು ದಾಟುವ ಮೊದಲೇ ನಿದ್ದೆಹೋದಳು. ಹಿಂದೆ ಗಂಡ ಹೆಂಡತಿ. ಹೊರಗೆ ಭತ್ತದ ಗದ್ದೆಗಳ ಮೇಲೆ ಮೋಡ ಕವಿಯುತ್ತಿತ್ತು.

"ರೀ..."

"ಹೂಂ?"

ಅವಳ ಮುಷ್ಟಿ ಬಿಗಿದಿತ್ತು. ಉಸಿರನ್ನು ಒಳಗೆ ಎಳೆದುಕೊಂಡು ಹೇಳಿದಳು, "ನನಗ ಸಿಟ್ಟ ಬಂದೈತಿ."

ನಾಗಲಿಂಗ ಅವಳ ಕಡೆ ಪೂರ್ತಿ ತಿರುಗಿದ. "ಯಾರ ಮ್ಯಾಲೆ?"

"ನಿಮ್ಮ ಮ್ಯಾಲೆ. ಎರಡ ದಿನಾ ಯಾಕ ಬರಲಿಲ್ಲ? ಅವತ್ತ ಓಡಿಬರಬಾರದಿತ್ತೇನು?"

"ಬಂದಿದ್ದೆ."

"ಸುಳ್ಳು!"

"ಖರೇ. ಭಾನುವಾರ ಸಂಜಿಕ ಬಂದಿದ್ದೆ. ನಿಮ್ಮ ಓಣಿ ತುದಿಗೆ ಒಂದ ತಾಸು ನಿಂತೆ. ನೀ ಹೋಗು ಅಂದ್ರ ಏನ ಮಾಡ್ಲಿ ಅಂತ ಹೆದರಿಕಿ ಆತು. ತಿರುಗಿ ಹೋದೆ."

ಶಿವವ್ವ ಅವನನ್ನೇ ನೋಡಿದಳು. "ಹೆದರಿಕಿ? ನಿಮಗ?"

"ನಿನಗೊಬ್ಬಾಕೀಗೇ ಆಗತೈತಿ ಅಂತ ತಿಳದೀಯೇನು?"

ಅವಳ ಮುಷ್ಟಿ ನಿಧಾನಕ್ಕೆ ಸಡಿಲಾಯಿತು. ಆ ಕೈ ಅವನ ಕೈಯನ್ನು ಹುಡುಕಿ ಹಿಡಿಯಿತು.

"ಇನ್ನ ಮ್ಯಾಲೆ ಓಣಿ ತುದಿಗೆ ನಿಂದರಬ್ಯಾಡ್ರಿ. ಮನಿತನಕ ಬರ್ರಿ. ನಾ ಹೋಗು ಅಂದ್ರ ಕಟ್ಟಿ ಮ್ಯಾಲೆ ಕುಂದರ್ರಿ."

"ಮಳಿ ಬಂದ್ರ?"

ಶಿವವ್ವ ಕಿಟಕಿಯಾಚೆ ಮೋಡ ನೋಡಿದಳು.

"ಮಳಿ ಬಂದ್ರ ಒಳಗ ಕುಂದರ್ರಿ. ಆದ್ರ ಮಾತಾಡಬ್ಯಾಡ್ರಿ... ನನಗಿನ್ನೂ ಸಿಟ್ಟ ಇರತೈತಿ."